ಅರ್ಧ ಇಂಚಿನ ಚರಿತ್ರೆ

ಮೈಸೂರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅರಮನೆಯ ಬಾಗಿಲಿನಿಂದ ಒಳಹೊಕ್ಕು ಅದೇ ಬಾಗಿಲಿನಿಂದ ಹೊರಬರುತ್ತಾರೆ. ದಸರಾ, ಜಂಬೂಸವಾರಿ, ದಿವಾನರು, ಕನ್ನಂಬಾಡಿ ಕಟ್ಟೆ, ರೇಷ್ಮೆ, ಗಂಧದೆಣ್ಣೆ. ಇಷ್ಟು ಹೇಳಿದರೆ ಊರಿನ ಕಥೆ ಮುಗಿಯಿತು ಎಂಬ ಭಾವನೆ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ನಾನೂ ಬಹಳ ವರ್ಷ ಇದನ್ನೇ ಪಾಠ ಹೇಳಿದವನು. ಆದರೆ ಇದೇ ಊರಿನಲ್ಲಿ ಗ್ರೀಸಿನ ವಾಸನೆಯ ಇನ್ನೊಂದು ಚರಿತ್ರೆಯಿದೆ. ಅದು ಶಾಸನಗಳಲ್ಲಿಲ್ಲ; ಹಳೆಯ ಮೋಟಾರ್ ಸೈಕಲ್ಲಿನ ಚೈನಿನಲ್ಲಿಯೂ, ಆ ಚೈನು ಓಡುವ ಹಲ್ಲಿನ ಚಕ್ರಗಳಲ್ಲಿಯೂ ಇದೆ. ನಮ್ಮ ತಂದೆಯವರು 1968ರಲ್ಲಿ ಕೊಂಡ ಜಾವಾ ಗಾಡಿಗೆ ಚೈನನ್ನೂ ಅದರ ಎರಡು ಸ್ಪ್ರಾಕೆಟ್‌ಗಳನ್ನೂ ಈಚೆಗೆ ಬದಲಿಸಬೇಕಾಯಿತು. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದ ಈ ಗಾಡಿಗೆ ಚೈನು ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ, ಸ್ಪ್ರಾಕೆಟ್ ಸಿಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡೇ ಬದುಕುವ ಎರಡು ವಸ್ತುಗಳ ಹಣೆಬರಹ ಇಷ್ಟು ಬೇರೆಯಾದದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ ಅದು ಪ್ರಾಗ್, ಮ್ಯಾಂಚೆಸ್ಟರ್, ಮದ್ರಾಸುಗಳನ್ನು ಸುತ್ತಿಕೊಂಡು ನಮ್ಮ ಯಾದವಗಿರಿಗೆ ಬಂದು ನಿಲ್ಲುತ್ತದೆ.

ಮೊದಲು ಗಾಡಿಯ ಕುಲಗೋತ್ರ ಹೇಳಿಬಿಡುತ್ತೇನೆ. ಝೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನಿದ್ದ. ಮೂಲತಃ ಆತನದು ಆಯುಧ ತಯಾರಿಸುವ ಉದ್ಯೋಗ. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಆಯುಧಗಳ ಬೇಡಿಕೆ ಇಳಿಯಿತು. ಆಗ ಆತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲೊಂದರ ಹಕ್ಕು ಕೊಂಡು 1929ರಲ್ಲಿ ಹೊಸ ಗಾಡಿ ಹೊರಡಿಸಿದ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರೇ ಜಾವಾ. ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎರಡನೆಯ ಯುದ್ಧದಲ್ಲಿ ದೇಶ ಜರ್ಮನರ ವಶದಲ್ಲಿದ್ದಾಗ ಅಲ್ಲಿಯ ಎಂಜಿನಿಯರುಗಳು ಗುಟ್ಟಾಗಿ ಹೊಸ ಮಾದರಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಹೊರಬಂತು. ಅದರ ಮುಂದಿನ ಪೀಳಿಗೆಯೇ 1954ರಲ್ಲಿ ಬಂದ 353 ಎಂಬ ಸಂಖ್ಯೆಯ 250 ಸಿ.ಸಿ. ಗಾಡಿ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುವ ಎರಡು ಸ್ಟ್ರೋಕಿನ ಎಂಜಿನ್ನು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿನ ಕೋಲಾಗುತ್ತದೆ. ಈ ಒಂದು ಚಮತ್ಕಾರವನ್ನು ನೋಡಲೆಂದೇ ಹಳ್ಳಿಗಳಲ್ಲಿ ಮಕ್ಕಳು ಸುತ್ತ ನೆರೆಯುತ್ತಿದ್ದರು.

ಈ ಗಾಡಿಗಳನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದವರು ರುಸ್ತಂ ಇರಾನಿ, ಫಾರೂಕ್ ಇರಾನಿ ಎಂಬ ಪಾರಸಿ ಮನೆತನದವರು. 1950ರ ದಶಕದಲ್ಲಿ ವಿದೇಶಿ ವಿನಿಮಯ ಉಳಿಸಲೆಂದು ಸರ್ಕಾರ ಆಮದನ್ನು ಬಿಗಿಗೊಳಿಸಿತು. ಮಾರಬೇಕಾದರೆ ಇಲ್ಲಿಯೇ ಮಾಡಬೇಕು ಎಂಬ ಪರಿಸ್ಥಿತಿ. ಹೀಗೆ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಗಾಡಿಗಳ ತಯಾರಿಕೆ ಆರಂಭವಾಯಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ನೋಡಿ, ಅರಮನೆಯನ್ನು ಬಿಟ್ಟು ಹೊರಟರೂ ಅರಮನೆ ನಮ್ಮನ್ನು ಬಿಡುವುದಿಲ್ಲ. ಮೊದಮೊದಲು ಹೊರದೇಶದಿಂದ ಬಂದ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. ಕ್ರಮೇಣ ಒಂದೊಂದೇ ಭಾಗ ಇಲ್ಲಿ ತಯಾರಾಗತೊಡಗಿತು. ಅಲ್ಲಿಯವರೆಗೆ ನೇಗಿಲು, ಮಗ್ಗ, ಬೀಡಿಗಳ ಲೋಕದಲ್ಲಿದ್ದ ಮನೆಗಳ ಹುಡುಗರು ಮೈಕ್ರೋಮೀಟರ್ ಹಿಡಿದು ಇಂಚಿನ ಸಾವಿರದ ಒಂದು ಭಾಗವನ್ನು ಅಳೆಯುವುದನ್ನು ಕಲಿತರು. ನನ್ನ ದೃಷ್ಟಿಯಲ್ಲಿ ಆ ಕಾರ್ಖಾನೆಯ ದೊಡ್ಡ ಉತ್ಪನ್ನ ಇದೇ.

ಇನ್ನು ಚೈನಿನ ವಿಚಾರ. ಹಿಟ್ಟಿನ ಗಿರಣಿಯಲ್ಲಿ ನಿಂತು ಕಾದವರಿಗೆ ಒಂದು ದೃಶ್ಯ ನೆನಪಿರಬಹುದು. ಬೆಲ್ಟು ಜಾರತೊಡಗಿದ ಕೂಡಲೇ ಗಿರಣಿಯವನು ರಾಳದ ಉಂಡೆಯೊಂದನ್ನು ತಂದು ಓಡುವ ಬೆಲ್ಟಿಗೆ ಒತ್ತಿ ಹಿಡಿಯುತ್ತಾನೆ. ಮೊದಮೊದಲ ಮೋಟಾರ್ ಸೈಕಲ್ಲುಗಳೂ ಇಂಥ ತೊಗಲಿನ ಬೆಲ್ಟಿನಿಂದಲೇ ಓಡುತ್ತಿದ್ದವು. ಮಳೆ ಬಂದರೆ ಬೆಲ್ಟು ನೆನೆದು ಜಾರುವುದು, ಏರು ಬಂದರೆ ಸವಾರ ಇಳಿದು ತಳ್ಳುವುದು. ಜಾರದೆ ಶಕ್ತಿಯನ್ನು ಸಾಗಿಸಬೇಕಾದರೆ ಹಲ್ಲೂ ಬೇಕು, ಹಲ್ಲಿಗೆ ಕೂರುವ ಕೊಂಡಿಯೂ ಬೇಕು. ಹಲ್ಲಿನ ಮೇಲೆ ಓಡುವ ಚೈನುಗಳು ಮೊದಲೇ ಇದ್ದವು. ಜೇಮ್ಸ್ ಸ್ಲೇಟರ್ ಎಂಬಾತ 1864ರಲ್ಲಿಯೇ ಒಂದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅವುಗಳಲ್ಲಿ ಪಿನ್ನು ತೆಳ್ಳಗಿನ ಪಟ್ಟಿಯ ಅಂಚಿಗೆ ಉಜ್ಜಿ ಬೇಗ ಸವೆಯುತ್ತಿತ್ತು.

ಸ್ವಿಟ್ಸರ್ಲೆಂಡಿನಿಂದ ಇಂಗ್ಲೆಂಡಿಗೆ ಬಂದ ಹಾನ್ಸ್ ರೆನೋಲ್ಡ್ 1879ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ಸಣ್ಣದೊಂದು ಚೈನಿನ ಕಾರ್ಖಾನೆ ಕೊಂಡ. 1880ರಲ್ಲಿ ಹೊಸದೊಂದು ಚೈನಿಗೆ ಪೇಟೆಂಟ್ ಪಡೆದ. ಅವನು ಮಾಡಿದ್ದಿಷ್ಟೆ: ಪಿನ್ನಿಗೆ ಒಂದು ಕೊಳವೆ, ಅಂದರೆ ಬುಷ್, ತೊಡಿಸಿದ, ಬುಷ್ಷಿನ ಮೇಲೆ ಉರುಳುವ ರೋಲರ್ ತೊಡಿಸಿದ. ಭಾರವೆಲ್ಲ ಅಂಚಿನ ಮೇಲೆ ಬೀಳುವುದು ತಪ್ಪಿ ಬುಷ್ಷಿನ ಪೂರ್ತಿ ಅಗಲಕ್ಕೆ ಹಂಚಿಹೋಯಿತು. 1885ರಲ್ಲಿ ಸ್ಟಾರ್ಲೆಯ ರೋವರ್ ಸೈಕಲ್ ಬಂತು. ಎರಡು ಸಣ್ಣ ಗಾಲಿ, ಹಿಂದಿನ ಗಾಲಿಗೆ ಚೈನು: ನಾವು ಇಂದು ಸೈಕಲ್ ಎಂದು ಕರೆಯುವ ರೂಪ ಅದೇ. ಸೈಕಲ್ಲು ಹಬ್ಬಿದಲ್ಲೆಲ್ಲ ಚೈನೂ ಹಬ್ಬಿತು. 1903ರಲ್ಲಿ ರೈಟ್ ಸಹೋದರರ ವಿಮಾನದ ಪ್ರೊಪೆಲ್ಲರುಗಳನ್ನು ತಿರುಗಿಸಿದ್ದೂ ಅಮೆರಿಕದ ಇಂಡಿಯಾನಾಪೊಲಿಸ್‌ನ ಡೈಮಂಡ್ ಕಂಪನಿಯ ಚೈನೇ. ಆ ಸಹೋದರರು ಸೈಕಲ್ ರಿಪೇರಿ ಮಾಡುತ್ತಿದ್ದವರಲ್ಲವೇ, ಕೈಗೆ ಸಿಕ್ಕಿದ ವಿದ್ಯೆಯನ್ನು ಆಕಾಶಕ್ಕೂ ಒಯ್ದರು. ಅದೇ ಡೈಮಂಡ್ ಕಂಪನಿಯ ಸಹಯೋಗದಲ್ಲಿ 1960ರಲ್ಲಿ ಮದ್ರಾಸಿನಲ್ಲಿ ಚೈನಿನ ಕಾರ್ಖಾನೆ ಆರಂಭವಾಯಿತು. ಮೈಸೂರಿನಲ್ಲಿ ಜಾವಾ ಕಂಪನಿ ಹುಟ್ಟಿದ ವರ್ಷವೂ ಅದೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರಕ್ಕೆ ಪಿಚ್ ಎನ್ನುತ್ತಾರೆ. ಸೈಕಲ್ಲಿನ ಚೈನಿನಲ್ಲಿ ಅದು ಅರ್ಧ ಇಂಚು. ಜಾವಾದ ಚೈನು ಅಗಲದಲ್ಲಿ ಸೈಕಲ್ಲಿನದಕ್ಕಿಂತ ದೊಡ್ಡದು. ಪಿಚ್ ಮಾತ್ರ ಅದೇ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಅಂಗಡಿಯಲ್ಲಿ ಕೇಳುವಾಗ 428 ಎಂದರೆ ಸಾಕು. ಮೊದಲ ಅಂಕಿ ನಾಲ್ಕು, ಅಂದರೆ ಇಂಚಿನ ಎಂಟನೆಯ ಭಾಗಗಳು ನಾಲ್ಕು. ಬುಲೆಟ್ಟಿಗೆ ಹಾಕುವ 530ರಲ್ಲಿ ಐದು. ಝೆಕ್ಕರು ಮೀಟರಿನ ಲೆಕ್ಕದವರು. ನಾವೂ 1956ರಲ್ಲಿ ಕಾನೂನು ಮಾಡಿ ಸೇರು, ಮಣ, ಗಜಗಳನ್ನು ಬಿಟ್ಟು ಮೀಟರಿಗೆ ಬಂದೆವು. ಆದರೆ ಚೈನು ಮಾತ್ರ ಇಂಚನ್ನು ಬಿಡಲಿಲ್ಲ. ಬಿಟ್ಟಿದ್ದರೆ ಲೋಕದಲ್ಲಿರುವ ಹಲ್ಲಿನ ಚಕ್ರಗಳನ್ನೆಲ್ಲ ಎಸೆಯಬೇಕಾಗುತ್ತಿತ್ತು. ಹೀಗೆ ಆ ಅರ್ಧ ಇಂಚು ಯಾವ ಕಂಪನಿಯ ಸ್ವತ್ತೂ ಆಗದೆ ಎಲ್ಲರದಾಗಿ ಉಳಿಯಿತು. ಮದ್ರಾಸಿನ ಚೈನಾಗಲಿ, ಕೊಯಮತ್ತೂರಿನ ಚೈನಾಗಲಿ, ಪ್ರಾಗ್‌ನಲ್ಲಿ ಗೀಚಿದ ನಕ್ಷೆಯ ಗಾಡಿಗೆ ಕೂರುತ್ತದೆ. ಒಡೆಯ ಸತ್ತರೂ ಅಳತೆ ಸಾಯಲಿಲ್ಲ.

ಸ್ಪ್ರಾಕೆಟ್ಟಿನ ಕಥೆ ಹಾಗಲ್ಲ. ಅದರ ಹೊರಗಿನ ಹಲ್ಲುಗಳು ಲೋಕದ ಅಳತೆಗೆ ಸೇರಿದವು. ಒಳಗಿನ ರಂಧ್ರ ಮಾತ್ರ, ಎಂದರೆ ಅದು ಗೇರ್ ಬಾಕ್ಸಿನ ದಂಡಕ್ಕೆ ಕೂರುವ ಜಾಗ, ಆಯಾ ಕಾರ್ಖಾನೆಯ ಸ್ವಂತ ಅಳತೆ. ಹೊರಗೆ ಎಲ್ಲರ ಭಾಷೆ, ಒಳಗೆ ಮನೆಮಾತು. ಕಾರ್ಖಾನೆ ಮುಚ್ಚಿದಾಗ ಕಳೆದುಹೋಗುವುದು ಈ ಮನೆಮಾತು.

ಆ ಕಾರ್ಖಾನೆ ಮುಚ್ಚಿದ ಕಥೆಯನ್ನೂ ಚುಟುಕಾಗಿ ಹೇಳಬೇಕು. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣ ಆ ಮನೆತನದ ಮೂಲಸ್ಥಳ. ಅದರ ನೆನಪಿನ ಹೆಸರು. ತಮಾಷೆಯೆಂದರೆ ಝೆಕ್ ಭಾಷೆಯಲ್ಲಿ ಹೆಚ್ಚು ಕಡಿಮೆ ಇದೇ ಉಚ್ಚಾರದ ಮಾತಿಗೆ ‘ಸವಾರಿ ಹೋಗುತ್ತಾನೆ’ ಎಂದು ಅರ್ಥ. 1978ರಲ್ಲಿ ರೋಡ್‌ಕಿಂಗ್ ಬಂತು. ಆದರೆ 1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಒಂದರ ಹಿಂದೊಂದು ಇಳಿದವು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಾಹಾ. ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದೇ ಮದುವೆಯ ಗಂಡಿನ ಜಾತಕದಷ್ಟು ಮುಖ್ಯವಾಯಿತು. 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿಯೂ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿಯೂ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಚೆಂದದ ಗಾಡಿಗಳೇ. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದ ನಾಲ್ಕು ಸ್ಟ್ರೋಕಿನ ಗಾಡಿಗಳು. ಹೆಸರು ಬಂತು, ನಮ್ಮ ಗಾಡಿಗೆ ಬೇಕಾದ ಹಲ್ಲಿನ ಚಕ್ರ ಬರಲಿಲ್ಲ.

ನಮ್ಮ ಜಾವಾದ ಚೈನು ತಗಡಿನ ಪೆಟ್ಟಿಗೆಯೊಳಗೆ ಪೂರ್ತಿ ಮುಚ್ಚಿಕೊಂಡಿರುವಂಥದು. ಧೂಳು, ಕೆಸರು ತಾಗದ ಕಾರಣ ಬಹಳ ಕಾಲ ಬಾಳುತ್ತದೆ. ಕಣ್ಣಿಗೆ ಬೀಳದ ಕಾರಣ ಮರೆತೂ ಹೋಗುತ್ತದೆ. ಗಾಡಿ ಹೊರಡುವಾಗ ಒಳಗಿನಿಂದ ಕಟ್ ಕಟ್ ಎಂಬ ಸದ್ದು ಕೇಳತೊಡಗಿದಾಗ ನಾನು ಗಾಡಿಯನ್ನು ಒಬ್ಬ ಹಿರಿಯರ ಶೆಡ್ಡಿಗೆ ಒಯ್ದೆ. ಅವರು 1974ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆ ಕಾರ್ಖಾನೆಯ ಜೋಡಣೆ ವಿಭಾಗಕ್ಕೆ ಸೇರಿದವರು. ಬಾಗಿಲು ಮುಚ್ಚಿದಾಗ ನಲವತ್ತೊಂದು. ಇನ್ನೊಂದು ಕಡೆ ಹೊಸದಾಗಿ ಸೇರಲು ವಯಸ್ಸು ಮೀರಿತ್ತು, ಸುಮ್ಮನೆ ಕೂರಲು ವಯಸ್ಸಾಗಿರಲಿಲ್ಲ. ಮನೆಯ ಹಿಂದಿನ ದನದ ಕೊಟ್ಟಿಗೆಗೆ ಶೀಟು ಹೊದಿಸಿ ಕೆಲಸ ಶುರುಮಾಡಿದರು. ಇಂದಿಗೂ ಅದೇ ಅವರ ಗ್ಯಾರೇಜು.

ನಾನು ಹೊಸ ಚೈನು ಕೊಂಡೇ ಹೋಗಿದ್ದೆ. ಪೆಟ್ಟಿಗೆ ಬಿಚ್ಚದೆ ಚೈನು ಬದಲಿಸುವ ಉಪಾಯವೊಂದಿದೆ. ಹಳೆಯ ಚೈನಿನ ಲಾಕು ತೆಗೆದು, ಅದರ ತುದಿಗೆ ಹೊಸದನ್ನು ಸೇರಿಸಿ, ಹಳೆಯದನ್ನು ಎಳೆಯುತ್ತ ಹೋದರೆ ಹೊಸದು ತಾನಾಗಿ ಒಳಗೆ ಹೋಗಿ ಸುತ್ತಿಕೊಂಡು ಬರುತ್ತದೆ. ಹಾಗೆ ಮಾಡಿದರಾಗದೇ ಎಂದು ಕೇಳಿದೆ.

“ಆಗುತ್ತೆ ಮೇಷ್ಟ್ರೇ, ಹತ್ತು ನಿಮಿಷದ ಕೆಲಸ. ಆದ್ರೆ ಹಲ್ಲು ನೋಡಿದ ಹಾಗೆ ಆಗಲ್ಲ” ಎಂದು ಪೆಟ್ಟಿಗೆಯ ಎರಡು ಹೋಳುಗಳನ್ನೂ ಬಿಚ್ಚಿದರು.

ಒಳಗಿನ ನೋಟ ನೋಡಿದ ಮೇಲೆ ನಾನು ಮರುಮಾತಾಡಲಿಲ್ಲ. ಮುಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಕುಡುಗೋಲಿನ ಮೊನೆಯಂತೆ ಒಂದೇ ಕಡೆಗೆ ಬಾಗಿದ್ದವು. ಹಿಂದಿನದು ಅಷ್ಟು ಸವೆದಿರಲಿಲ್ಲ. ಇದಕ್ಕೆ ಕಾರಣ ಸರಳ. ಮುಂದಿನದರ ಹಲ್ಲುಗಳು ಹಿಂದಿನದರ ಅರ್ಧಕ್ಕಿಂತಲೂ ಕಡಿಮೆ. ಹಿಂದಿನ ಹಲ್ಲು ಒಂದು ಸಲ ಕೆಲಸ ಮಾಡುವಷ್ಟರಲ್ಲಿ ಮುಂದಿನದು ಎರಡು ಸಲಕ್ಕಿಂತ ಹೆಚ್ಚು ದುಡಿದಿರುತ್ತದೆ. ಸಣ್ಣವರು ಬೇಗ ಸವೆಯುತ್ತಾರೆ.

ಚೈನು ‘ಎಳೆದುಕೊಂಡಿದೆ’ ಎಂದು ನಾವೆಲ್ಲ ಹೇಳುತ್ತೇವೆ. ನಿಜದಲ್ಲಿ ಅದರ ಉಕ್ಕಿನ ಪಟ್ಟಿಗಳು ಎಳೆದುಕೊಳ್ಳುವುದಿಲ್ಲ. ಪ್ರತಿ ಕೀಲಿನಲ್ಲೂ ಪಿನ್ನು ಮತ್ತು ಬುಷ್ಷು ಉಜ್ಜಿ ಒಂದು ಕೂದಲೆಳೆಯಷ್ಟು ಸವೆಯುತ್ತವೆ. ನೂರಿಪ್ಪತ್ತು ಕೊಂಡಿಗಳ ಚೈನು ಎಂದು ಇಟ್ಟುಕೊಳ್ಳಿ. ಒಂದು ಕೀಲಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸವೆದರೂ ಒಟ್ಟು ಹನ್ನೆರಡು ಮಿಲಿಮೀಟರು, ಹೆಚ್ಚು ಕಡಿಮೆ ಒಂದು ಕೊಂಡಿಯಷ್ಟು, ಚೈನು ಉದ್ದವಾಯಿತು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಇಲ್ಲಿ ಸವೆತಕ್ಕೂ ಸಲ್ಲುತ್ತದೆ. ಹಾಗೆ ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರಿ ಹಲ್ಲನ್ನು ತಿನ್ನುತ್ತದೆ. ತಿಂದ ಹಲ್ಲು ಮರಳಿ ಚೈನನ್ನು ತಿನ್ನುತ್ತದೆ. ಈ ಕಾರಣಕ್ಕೆ ಬಲ್ಲವರು ಚೈನು, ಎರಡು ಸ್ಪ್ರಾಕೆಟ್ಟು, ಮೂರನ್ನೂ ಒಟ್ಟಿಗೆ ಬದಲಿಸುತ್ತಾರೆ. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದಕ್ಕೂ ಬೇಗನೆ ಹಳೆಯದರ ವಯಸ್ಸು ಬರುತ್ತದೆ.

ಸ್ಪ್ರಾಕೆಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದೆ. ಒಂದು ಅಂಗಡಿಯಲ್ಲಿ ಹೊಳೆಹೊಳೆಯುವ ಜೋಡಿಯೊಂದು ಸಿಕ್ಕಿತು. ತಂದು ಅವರ ಕೈಗಿತ್ತೆ. ಅವರು ಅದನ್ನು ನೋಡಲೂ ಇಲ್ಲ. ಸಣ್ಣ ಅರ ತೆಗೆದುಕೊಂಡು ಹಲ್ಲಿನ ಮೂಲೆಯ ಮೇಲೆ ಒಮ್ಮೆ ಎಳೆದರು. ಅರ ಕಚ್ಚಿ ಹಿಡಿಯಿತು. ಬೆಳ್ಳಗೆ ಉಕ್ಕಿನ ಪುಡಿ ಉದುರಿತು.

“ಬೆಣ್ಣೆ” ಎಂದರು. “ಬಣ್ಣಕ್ಕೆ ದುಡ್ಡು ಕೊಟ್ಟಿದೀರಿ. ನಾಲ್ಕು ಸಾವಿರ ಕಿಲೋಮೀಟರ್ ಬಂದರೆ ನಿಮ್ಮ ಪುಣ್ಯ.”

ಕುಡುಗೋಲಿಗೆ ಕಮ್ಮಾರನು ಹದ ಕೊಡುವುದಿಲ್ಲವೇ, ಹಾಗೆ ಸ್ಪ್ರಾಕೆಟ್ಟಿನ ಹಲ್ಲಿಗೂ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಡಬೇಕು. ಹದವಾದ ಹಲ್ಲಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಅವರು ಒಳಗಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಜೋಡಿ ತಂದರು. ಊರಿನ ಕೈಗಾರಿಕಾ ಬಡಾವಣೆಯ ಸಣ್ಣ ವರ್ಕ್‌ಶಾಪೊಂದರಲ್ಲಿ ತಾವೇ ನಿಂತು ಮಾಡಿಸಿ, ಹದ ಕೊಡಿಸಿದ್ದು. ಬಣ್ಣ ಕಪ್ಪು, ಹೊಳಪಿಲ್ಲ. ಅರ ಎಳೆದರು, ಸೊಯ್ ಎಂದು ಜಾರಿತು. ಪಕ್ಕದಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಮೊಮ್ಮಗನನ್ನು ಕರೆದು, “ಕಣ್ಣು ಮುಚ್ಚಿಕೊಂಡು ಎರಡರ ಮೇಲೂ ಎಳೆದು ನೋಡು, ಯಾವುದು ಯಾವುದು ಹೇಳು” ಎಂದರು. ಹುಡುಗ ಎಳೆದ. ಎರಡು ಸಲವೂ ಸರಿಯಾಗಿ ಹೇಳಿದ. ಮುದುಕರ ಮುಖದಲ್ಲಿ ನಗು ಬರಲಿಲ್ಲ, ಆದರೆ ಅರವನ್ನು ಅವನ ಕೈಯಲ್ಲೇ ಬಿಟ್ಟರು.

ಕೆಲಸ ಅರ್ಧ ದಿನ ಹಿಡಿಯಿತು. ಮುಂದಿನ ಸ್ಪ್ರಾಕೆಟ್ಟಿನ ನಟ್ಟಿಗೆ ಲಾಕ್ ವಾಷರಿನ ಕಿವಿ ಮಡಚಿರುತ್ತದೆ. ಅದನ್ನು ನೆಟ್ಟಗೆ ಮಾಡಿದರು. ಹಳೆಯ ಚೈನು ಇನ್ನೂ ಮೇಲಿರುವಾಗಲೇ ನನ್ನಿಂದ ಹಿಂದಿನ ಬ್ರೇಕು ಒತ್ತಿಹಿಡಿಸಿ, ಪಾನಾ ಹಾಕಿ ನಟ್ಟು ಸಡಿಲಿಸಿದರು. ಚೈನು ಮೊದಲೇ ತೆಗೆದುಬಿಟ್ಟರೆ ಸ್ಪ್ರಾಕೆಟ್ಟು ನಟ್ಟಿನ ಜೊತೆಗೇ ತಿರುಗುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಹೊಸ ಜೋಡಿ ಕೂರಿಸಿ, ಚೈನು ಏರಿಸಿ, ತುದಿಗಳನ್ನು ಸೇರಿಸಿದರು. ಅದರ ಲಾಕು ಪುಟ್ಟ ಮೀನಿನ ಆಕಾರದ್ದು. ಮೀನಿನ ತಲೆ ಚೈನು ಚಲಿಸುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ ಇರಬೇಕು. ತಿರುಗಿಸಿ ಹಾಕಿದರೆ ಏನಾದರೂ ತಗುಲಿದಾಗ ಲಾಕು ಕಳಚಿಹೋಗುತ್ತದೆ. ಗಾಲಿ ಎರಡು ಚಕ್ರಕ್ಕೂ ನೇರವಾಗಿದೆಯೇ ಎಂದು ದಾರ ಹಿಡಿದು ನೋಡಿದರು. ಗಾಲಿ ತಿರುಗಿಸುತ್ತ ಚೈನು ಅತ್ಯಂತ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿಯೂ ಸ್ವಲ್ಪ ಸಡಿಲವಿರುವಂತೆ ಹದ ಮಾಡಿದರು. ಆಮೇಲೆ ನನ್ನನ್ನು ಗಾಡಿಯ ಮೇಲೆ ಕೂರಿಸಿ ಮತ್ತೊಮ್ಮೆ ನೋಡಿದರು. ಭಾರ ಬಿದ್ದಾಗ ಲೆಕ್ಕ ಬದಲಾಗುತ್ತದೆ. ಹಿಂದೆ ಚೈನನ್ನು ಬಿಚ್ಚಿ ಕರಗಿದ ಗ್ರೀಸಿನ ಡಬ್ಬಿಯಲ್ಲಿ ಮುಳುಗಿಸಿ ಎತ್ತುತ್ತಿದ್ದರಂತೆ, ಗ್ರೀಸು ಪಿನ್ನಿನ ಒಳಗೂ ಇಳಿಯಲೆಂದು. ಆ ಡಬ್ಬಿ ಇನ್ನೂ ಶೆಡ್ಡಿನ ಮೂಲೆಯಲ್ಲಿದೆ.

ಹಳೆಯ ಚೈನನ್ನು ಗುಜರಿಯ ಮೂಟೆಗೆ ಎಸೆದರು. ಸವೆದ ಮುಂದಿನ ಸ್ಪ್ರಾಕೆಟ್ಟನ್ನೂ ಅದೇ ಮೂಟೆಗೆ ಹಾಕಲು ನಾನು ಎತ್ತಿಕೊಂಡೆ. ಅದು ನಮ್ಮ ತಂದೆಯವರ ಕಾಲದಲ್ಲಿ, ಕಾರ್ಖಾನೆ ನಡೆಯುತ್ತಿದ್ದಾಗ ಹಾಕಿಸಿದ್ದು. ಅವರು ಕೈಚಾಚಿ ತಡೆದರು. ಸೀಮೆಎಣ್ಣೆಯಲ್ಲಿ ತೊಳೆದು, ಒಳಗಿನ ರಂಧ್ರವನ್ನು ಬಟ್ಟೆಯಿಂದ ಒರೆಸಿ, ವರ್ನಿಯರ್ ಹಿಡಿದು ಅಳೆಯುವಂತೆ ಮೊಮ್ಮಗನಿಗೆ ಹೇಳಿದರು. ಹುಡುಗ ಅಂಕಿಗಳನ್ನು ಓದಿದ. ಅವರು ಗೋಡೆಗೆ ನೇತುಹಾಕಿದ್ದ ನೋಟು ಪುಸ್ತಕದಲ್ಲಿ ಬರೆದ ಹಳೆಯ ಅಂಕಿಗಳೊಂದಿಗೆ ತಾಳೆ ನೋಡಿ ತಲೆಯಾಡಿಸಿದರು.

“ಇದನ್ನ ನಾನಿಟ್ಕೊತೀನಿ ಮೇಷ್ಟ್ರೇ. ಮುಂದಿನದು ಮಾಡಿಸೋಕೆ ಇದೇ ಮಾದರಿ. ಹಲ್ಲು ಹೋಗಿದೆ ಅಷ್ಟೇ, ಅಳತೆ ಹೋಗಿಲ್ಲ” ಎಂದು ಎಣ್ಣೆಬಟ್ಟೆಯಲ್ಲಿ ಸುತ್ತಿ ಹುಡುಗನ ಕೈಗೆ ಕೊಟ್ಟರು.